ಎಂಜಿನ್‌ಗೆ ಬೆಂಕಿ ಬಿದ್ದ ಪಾಂಟಿಯಾಕ್ ಫಿಯೆರೊ: ರಿಪೇರಿಯಿಂದ ಅಪ್‌ಗ್ರೇಡ್‌ವರೆಗೆ ಸಮಗ್ರ ಮಾರ್ಗದರ್ಶಿ

ಎಂಬತ್ತರ ದಶಕದ ಎರಡು ಸೀಟಿನ ಅಮೆರಿಕನ್ ಸ್ಪೋರ್ಟ್ಸ್ ಕಾರು ಫಿಯೆರೊಗೆ ಬೆಂಕಿ ಬಿತ್ತು ಅಂದ ತಕ್ಷಣ ಹೆಚ್ಚಿನವರು ಕೇಳುವುದು "ಇನ್ನು ಯಾವ ಎಂಜಿನ್ ಹಾಕಿಸಲಿ?" ಅಂತ. ಆ ಪ್ರಶ್ನೆ ಕೊನೆಗೆ ಇರಲಿ. ಮೊದಲು ಕೇಳಬೇಕಾದ್ದು ಬೆಂಕಿ ಎಲ್ಲಿಂದ ಬಂತು ಅಂತ. ಅದು ಗೊತ್ತಾಗದೆ ಹೊಸ ಎಂಜಿನ್ ಕೂರಿಸಿದರೆ ಸೋರುವ ಹೋಸು ಅದೇ, ಬಿರುಕು ಬಿಟ್ಟ ವೈರು ಅದೇ, ಮೇಲೆ ಇನ್ನೂ ಜಾಸ್ತಿ ಬಿಸಿಯಾಗುವ ಎಂಜಿನ್. ಎರಡನೇ ಬೆಂಕಿಗೆ ಇಷ್ಟು ಸಾಕು.

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಈ ಕಾರು ತಯಾರಾಗಿದ್ದೂ ಇಲ್ಲೇ, ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲಿ. 1984ರಿಂದ 1988ರ ಮಾಡೆಲ್‌ವರೆಗೆ ಸುಮಾರು 3,70,000 ಕಾರು ಹೊರಬಂದವು. ಹಾಗಾಗಿ ಇಲ್ಲಿ ಗುಜರಿ ಅಂಗಡಿಯಲ್ಲೂ ಹಳೇ ಗ್ಯಾರೇಜುಗಳಲ್ಲೂ ಇನ್ನೂ ಭಾಗಗಳು ಸಿಗುತ್ತವೆ. ಸುಟ್ಟ ಫಿಯೆರೊವನ್ನು ಉಳಿಸಬಹುದು ಅಂತ ನಾನು ಧೈರ್ಯವಾಗಿ ಹೇಳುವುದಕ್ಕೆ ಇದೂ ಒಂದು ಕಾರಣ.

ಈ ಕಾರಿಗೇ ಯಾಕೆ ಬೆಂಕಿ?

ಫಿಯೆರೊದ ಎಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ ಅಡ್ಡಲಾಗಿ ಕೂತಿದೆ. ಜಾಗ ಕಡಿಮೆ, ಗಾಳಿ ಓಡಾಟ ಇನ್ನೂ ಕಡಿಮೆ. ಸೈಲೆನ್ಸರ್, ಎಕ್ಸಾಸ್ಟ್ ಪೈಪ್, ಬ್ಯಾಟರಿ, ಪೆಟ್ರೋಲ್ ಹೋಸು ಎಲ್ಲ ಒಂದೇ ಗೂಡಿನಲ್ಲಿ. ರೇಡಿಯೇಟರ್ ಮಾತ್ರ ಮುಂದೆ ಮೂತಿಯಲ್ಲಿದೆ.

1984ರ 2.5 ಲೀಟರ್ ನಾಲ್ಕು ಸಿಲಿಂಡರ್ ಕಾರುಗಳದ್ದು ಬೇರೆಯೇ ಕಥೆ. ಆ ಎಂಜಿನ್‌ಗೆ "ಐರನ್ ಡ್ಯೂಕ್" ಅಂತ ಹೆಸರು, ಶಕ್ತಿ 92 ಹೆಚ್‌ಪಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಅದರ ಕೆಲವು ಕನೆಕ್ಟಿಂಗ್ ರಾಡ್‌ಗಳಲ್ಲಿ ಎರಕದಲ್ಲೇ ದೋಷ ಇತ್ತು. ಆಯಿಲ್ ಹಿಡಿಯುವುದೂ ಕಡಿಮೆ. ಆಯಿಲ್ ಇಳಿದದ್ದನ್ನು ಗಮನಿಸದೆ ಸ್ಪೋರ್ಟ್ಸ್ ಕಾರು ಅಂತ ಜೋರಾಗಿ ಓಡಿಸಿದಾಗ ರಾಡ್ ಮುರಿದು ಬ್ಲಾಕ್‌ಗೆ ತೂತು ಹೊಡೆಯುತ್ತಿತ್ತು. ಒಳಗಿನ ಆಯಿಲ್ ಸೀದಾ ಕಾದ ಎಕ್ಸಾಸ್ಟ್ ಮೇಲೆ ಚೆಲ್ಲಿ ಹೊತ್ತಿಕೊಳ್ಳುತ್ತಿತ್ತು. 1987ರ ಕೊನೆಯಲ್ಲಿ 1984ರ ಕಾರುಗಳನ್ನೆಲ್ಲ ಕಂಪನಿ ರಿಪೇರಿಗೆ ವಾಪಸ್ ಕರೆಯಿತು. ನಿಮ್ಮದು ಅದೇ ವರ್ಷದ್ದಾದರೆ ಮೊದಲು ಬ್ಲಾಕಿನ ಪಕ್ಕಕ್ಕೆ ಟಾರ್ಚ್ ಬಿಟ್ಟು ತೂತು ಇದೆಯಾ ನೋಡಿ. ಇದ್ದರೆ ಕಾರಣ ಹುಡುಕುವ ಕೆಲಸ ಅಲ್ಲಿಗೇ ಮುಗಿಯಿತು.

1985ರಿಂದ ಬಂದ 2.8 ಲೀಟರ್ ವಿ6 ಕಾರುಗಳಲ್ಲಿ ಸಾಮಾನ್ಯವಾಗಿ ನೋಡುವುದು ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಜಿನುಗುವುದು, ಹಳೇ ರಬ್ಬರ್ ಹೋಸು, ಮತ್ತೆ ವೈರಿಂಗ್.

ಮುಟ್ಟುವ ಮೊದಲು

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇನ್ಶೂರೆನ್ಸ್‌ನವರು ನೋಡಿ ಹೋಗುವವರೆಗೆ ಏನನ್ನೂ ಬಿಚ್ಚಬೇಡಿ. ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಕೆಳಗಿನಿಂದಲೂ. ಇನ್ಶೂರೆನ್ಸ್ ಕಂಪನಿಯವರು ಪೂರ್ತಿ ನಷ್ಟ ಅಂತ ಬರೆದರೆ ಮಿಶಿಗನ್‌ನಲ್ಲಿ ಕಾರಿಗೆ ಸಾಲ್ವೇಜ್ ಟೈಟಲ್, ಅಂದರೆ ಹಾಳಾದ ಕಾರು ಅನ್ನುವ ಮಾಲೀಕತ್ವದ ಪತ್ರ ಬರುತ್ತದೆ. ಆಮೇಲೆ ತರಬೇತಿ ಪಡೆದ ಪೊಲೀಸ್ ಅಧಿಕಾರಿ ಪರೀಕ್ಷೆ ಮಾಡಿ ಸಹಿ ಹಾಕದೆ ರಸ್ತೆಗೆ ಇಳಿಸುವಂತಿಲ್ಲ. ಆಗ ಪ್ರತಿ ಬಿಡಿ ಭಾಗದ ರಸೀದಿ ಬೇಕಾಗುತ್ತದೆ. ಗುಜರಿಯಲ್ಲಿ ತಂದ ಹತ್ತು ಡಾಲರ್ ಬ್ರಾಕೆಟ್‌ಗೂ ಚೀಟಿ ಇಸ್ಕೊಳ್ಳಿ.

ಆರೋಗ್ಯದ ವಿಷಯ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಫಿಯೆರೊದ ಹಿಂದಿನ ಮುಚ್ಚಳ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್‌ನದು. ಅದು ಸುಟ್ಟರೆ ಉಳಿಯುವುದು ಗಾಜಿನ ಎಳೆ ತುಂಬಿದ ಬೂದಿ. ಅದನ್ನು ಒಣಗಿದ್ದಾಗ ಗುಡಿಸಬೇಡಿ, ಒದ್ದೆ ಮಾಡಿ ತೆಗೆಯಿರಿ. ಪಿ100 ಫಿಲ್ಟರ್ ಇರುವ ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ವೈಟಾನ್ ಥರದ ಫ್ಲೋರಿನ್ ರಬ್ಬರಿನ ಸೀಲು, ಓ ರಿಂಗುಗಳು 300 ಡಿಗ್ರಿ ಸೆಲ್ಸಿಯಸ್ ದಾಟಿ ಸುಟ್ಟರೆ ಹೈಡ್ರೋಫ್ಲೋರಿಕ್ ಆಸಿಡ್ ಬಿಡುತ್ತವೆ. ಕರಗಿ ಜಿಗುಟಾದ ಕಪ್ಪು ಸೀಲನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ದಪ್ಪ ನಿಯೋಪ್ರೀನ್ ಕೈಗವಸು ಹಾಕಿ ತೆಗೆದು, ಆ ಕೈಗವಸನ್ನೂ ಎಸೆಯಿರಿ.

ಬೆಂಕಿ ಆರಿಸುವ ಪುಡಿಗೆ ಮಾತ್ರ ತಡ ಮಾಡುವಂತಿಲ್ಲ. ಮನೆಯಲ್ಲಿಡುವ ಸಾಮಾನ್ಯ ಎಬಿಸಿ ಸಿಲಿಂಡರ್‌ನಲ್ಲಿರುವುದು ಮೋನೋ ಅಮೋನಿಯಂ ಫಾಸ್ಫೇಟ್. ತೇವ ತಾಗಿದರೆ ಅದು ಹುಳಿಯಾಗಿ ಅಲ್ಯೂಮಿನಿಯಂ, ತಾಮ್ರ ಎರಡನ್ನೂ ತಿನ್ನುತ್ತದೆ. ಫೋಟೋ, ಇನ್ಶೂರೆನ್ಸ್ ಮುಗಿದ ದಿನವೇ ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಹಾಕಿ ಒಣ ಪುಡಿ ಎಳೆಯಿರಿ. ಆಮೇಲೆ ಬಿಸಿ ನೀರಿಗೆ ಅಡುಗೆ ಸೋಡಾ ಬೆರೆಸಿ ಒರೆಸಿ, ಸೋಪು ನೀರಲ್ಲಿ ತೊಳೆದು ಗಾಳಿ ಹಿಡಿದು ಒಣಗಿಸಿ. ಎಂಜಿನ್ ಓಡುತ್ತಿದ್ದಾಗಲೇ ಪುಡಿ ಹೊಡೆದಿದ್ದರೆ ಅದು ಎಂಜಿನ್ ಗಾಳಿ ಎಳೆಯುವ ಇನ್‌ಟೇಕ್ ಒಳಗೂ ಹೋಗಿರುತ್ತದೆ. ಹಾಗಾಗಿ "ಸುಮ್ನೆ ಒಂದು ಸಲ ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಕೀ ತಿರುಗಿಸುವುದು ಬೇಡ.

ಬೆಂಕಿಯ ಜಾಡು

ಯಾವ ಜಾಗ ಎಷ್ಟು ಕಾದಿತ್ತು ಅನ್ನುವುದನ್ನು ಅಲ್ಲಿ ಕರಗಿದ ವಸ್ತುವೇ ಹೇಳುತ್ತದೆ. ಪಾಲಿಎಥಿಲೀನ್ ಡಬ್ಬ ಕರಗುವುದು ಸುಮಾರು 120 ಡಿಗ್ರಿಗೆ. ಹಳೇ ಸೀಸದ ಬೆಸುಗೆ 183ಕ್ಕೆ. ನೈಲಾನ್ 66ರ ಕನೆಕ್ಟರ್ 260ರ ಹತ್ತಿರ. ಸತುವಿನ ಎರಕದ ಭಾಗ 385ರ ಆಸುಪಾಸು. ಅಲ್ಯೂಮಿನಿಯಂ 660. ಒಂದು ಪುಸ್ತಕದಲ್ಲಿ ಎಂಜಿನ್ ಗೂಡಿನ ಚಿತ್ರ ಬರೆದು, ಎಲ್ಲಿ ಏನು ಕರಗಿದೆ, ಅದರ ಪಕ್ಕದಲ್ಲೇ ಏನು ಉಳಿದಿದೆ ಅಂತ ಗುರುತು ಹಾಕಿ. ಸತುವಿನ ಭಾಗ ಕರಗಿ ಅಲ್ಯೂಮಿನಿಯಂ ಗಟ್ಟಿಯಾಗಿದ್ದರೆ ಆ ಜಾಗ 385 ದಾಟಿದೆ, 660 ಮುಟ್ಟಿಲ್ಲ. ಅತಿ ಹೆಚ್ಚು ಕಾದ ಜಾಗ ಮೂಲವೇ ಆಗಬೇಕೆಂದಿಲ್ಲ, ಪೆಟ್ರೋಲ್ ಬಂದು ನಿಂತ ಜಾಗವೂ ಇರಬಹುದು. ಬೆಂಕಿ ಮೇಲಕ್ಕೆ ಅಗಲವಾಗಿ ಹರಡುತ್ತದೆ. ಸುಟ್ಟ ಗುರುತು ಕೆಳಗೆ ಎಲ್ಲಿ ಕಿರಿದಾಗುತ್ತದೋ ಅಲ್ಲಿಂದ ಹುಡುಕುವುದು ಒಳ್ಳೆಯದು.

ನಾನು ಕೆಲಸ ಮಾಡಿದ ಒಂದು ವಿ6 ಕಾರಿನಲ್ಲಿ ಮೇಲೆ ಎಲ್ಲ ಕರಕಲು. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯುಯೆಲ್ ರೈಲಿನ ಪಕ್ಕದ ಹೋಸಿನ ಒಂದು ಬೆರಳುದ್ದದ ತುಂಡು ಮಾತ್ರ ಬ್ರಾಕೆಟ್ಟಿನ ಅಡಿಯಲ್ಲಿ ಸುಡದೆ ಉಳಿದಿತ್ತು. ಅದನ್ನು ಸ್ವಲ್ಪ ಬಗ್ಗಿಸಿದ್ದಷ್ಟೇ, ಹೊರಗಿನ ಪದರ ಒಣ ಹಪ್ಪಳದ ಹಾಗೆ ಚಟ್ ಅಂತ ಒಡೆಯಿತು. ಒಳಗೆ ನೂಲು ಬೂದು ಬಣ್ಣಕ್ಕೆ ತಿರುಗಿತ್ತು, ಕ್ಲಾಂಪ್ ಕೂತ ಜಾಗದಲ್ಲಿ ಉದ್ದಕ್ಕೆ ಸೀಳು. ಕಾರಿನ ಇಡೀ ಕಥೆ ಆ ತುಂಡಿನಲ್ಲಿತ್ತು. ಹಾಗಾಗಿ ಉಳಿದ ತುಂಡುಗಳನ್ನು ಕಸಕ್ಕೆ ಹಾಕಬೇಡಿ, ಚೀಲದಲ್ಲಿ ಹಾಕಿ ಹೆಸರು ಬರೆದಿಡಿ.

ವೈರಿನಿಂದ ಹತ್ತಿದ ಬೆಂಕಿಯ ಗುರುತು ಬೇರೆ. ಶಾರ್ಟ್ ಆದ ಜಾಗದಲ್ಲಿ ತಾಮ್ರದ ತುದಿ ಸಣ್ಣ ಮಣಿಯ ಥರ ಗುಂಡಗಾಗಿರುತ್ತದೆ. ಬರೀ ಹೊರಗಿನ ಬೆಂಕಿಗೆ ಸುಟ್ಟ ವೈರಿನಲ್ಲಿ ಸಾಮಾನ್ಯವಾಗಿ ಅಂಥ ಮಣಿ ಇರುವುದಿಲ್ಲ. ಆದರೆ ಬೆಂಕಿ ಹೊತ್ತಿದ ಮೇಲೂ ವೈರುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು ಅಲ್ವಾ? ಮಣಿ ಒಂದನ್ನೇ ನಂಬಬೇಡಿ, ಹೋಸಿನ ಗುರುತು ಏನು ಹೇಳುತ್ತದೆ ಅಂತಲೂ ನೋಡಿ.

ಎಂಜಿನ್ ಇಳಿಸುವುದು

ಫಿಯೆರೊದಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಸಸ್ಪೆನ್ಶನ್ ಎಲ್ಲ ಒಂದೇ ಕ್ರೇಡಲ್, ಅಂದರೆ ಬಿಚ್ಚಬಹುದಾದ ಚೌಕಟ್ಟಿನ ಮೇಲೆ ಕೂತಿವೆ. ಅದನ್ನು ಕೆಳಗಿನಿಂದ ಇಳಿಸಿ, ಬಾಡಿಯನ್ನು ಮೇಲಕ್ಕೆತ್ತಿ ಕ್ರೇಡಲ್ ಹೊರಗೆಳೆಯುವುದು ಸರಿಯಾದ ದಾರಿ. ಕೂಲಂಟ್, ಆಯಿಲ್, ಪೆಟ್ರೋಲ್ ಮೊದಲು ಖಾಲಿ ಮಾಡಿ. ಪೆಟ್ರೋಲ್ ಟ್ಯಾಂಕ್ ಎರಡು ಸೀಟುಗಳ ನಡುವಿನ ಸುರಂಗದಲ್ಲಿದೆ ಅನ್ನುವುದು ನೆನಪಿರಲಿ, ಅದರ ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್ ಏನೂ ಬೇಡ. ಆಮೇಲೆ ಆಕ್ಸಿಲರೇಟರ್, ಗೇರ್, ಹ್ಯಾಂಡ್ ಬ್ರೇಕ್ ಕೇಬಲ್‌ಗಳು, ಕ್ಲಚ್ಚಿನ ಹೈಡ್ರಾಲಿಕ್ ಲೈನು, ಹೀಟರ್ ಹೋಸು, ವೈರಿಂಗ್ ಕನೆಕ್ಟರ್, ಬ್ರೇಕ್ ಹೋಸು ಬಿಚ್ಚಿ. ಕ್ರೇಡಲ್ ಕೆಳಗೆ ಗಟ್ಟಿಯಾದ ಡಾಲಿ ಕೊಟ್ಟು ಭಾರ ಅದರ ಮೇಲೆ ಕೂರಿಸಿದ ಮೇಲೆಯೇ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ನಟ್ಟು, ಕೊನೆಗೆ ಕ್ರೇಡಲ್ಲಿನ ನಾಲ್ಕು ಬೋಲ್ಟು. ಏಸಿ ಗ್ಯಾಸ್ ಇನ್ನೂ ಇದ್ದರೆ ಅದನ್ನು ಲೈಸೆನ್ಸ್ ಇರುವವರಿಂದಲೇ ತೆಗೆಸಿ.

ಜಾಕ್ ಎಲ್ಲಿ ಕೊಡುತ್ತೀರಿ ನೋಡಿಕೊಳ್ಳಿ. ಮುಂದಿನ ರೇಡಿಯೇಟರ್‌ನಿಂದ ಹಿಂದಿನ ಎಂಜಿನ್‌ಗೆ ಹೋಗುವ ಕೂಲಂಟ್ ಪೈಪುಗಳು ಕಾರಿನ ಎರಡೂ ಪಕ್ಕದ ಅಡಿಯಲ್ಲೇ ಓಡುತ್ತವೆ. ಟೈರ್ ಅಂಗಡಿಯಲ್ಲಿ ಯಾರೋ ಅಲ್ಲಿ ಜಾಕ್ ಕೊಟ್ಟು ಪೈಪ್ ಚಪ್ಪಟೆ ಮಾಡಿರುವುದು ಈ ಕಾರುಗಳಲ್ಲಿ ಬಹಳ ಸಾಮಾನ್ಯ. ಚಪ್ಪಟೆ ಪೈಪ್ ಅಂದರೆ ಎಂಜಿನ್ ವಿಪರೀತ ಬಿಸಿಯಾಗುವುದು. ಕಾರು ಎತ್ತಿದ್ದೀರಿ ತಾನೆ, ಈಗಲೇ ಕೈಯಾಡಿಸಿ ನೋಡಿ.

ಎಂಜಿನ್ ಉಳಿಯುತ್ತದಾ?

ಈ ಕಾರಿನ ಎರಡೂ ಎಂಜಿನ್‌ಗಳ ಬ್ಲಾಕ್, ಹೆಡ್ ಬೀಡು ಕಬ್ಬಿಣದವು. ಮೇಲಿನ ಬೆಂಕಿಗೆ ಅವು ಸುಲಭವಾಗಿ ಸೋಲುವುದಿಲ್ಲ. ಹೋಗುವುದು ಅಲ್ಯೂಮಿನಿಯಂ ಇನ್‌ಟೇಕ್, ಗ್ಯಾಸ್ಕೆಟ್, ಸೀಲು, ಸೆನ್ಸರ್. ಸ್ಪಾರ್ಕ್ ಪ್ಲಗ್ ತೆಗೆದು ಬೋರ್‌ಸ್ಕೋಪ್ (ತೂತಿನೊಳಗೆ ಬಿಡುವ ಸಣ್ಣ ಕ್ಯಾಮೆರಾ) ಬಿಟ್ಟು ಒಳಗೆ ಪುಡಿ ಇದೆಯಾ ನೋಡಿ. ಇಲ್ಲ ಅಂತ ಖಾತ್ರಿಯಾದರೆ ಪ್ರತಿ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಲೀಕ್‌ಡೌನ್ ಪರೀಕ್ಷೆ ಮಾಡಿ, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ಅಳೆಯಿರಿ. ಹಳೇ ಎಂಜಿನ್‌ನಲ್ಲಿ 10ರಿಂದ 15 ಶೇಕಡಾ ಸೋರಿಕೆ ಇದ್ದರೆ ಓಡಿಸಬಹುದು, 20 ದಾಟಿದರೆ ಬಿಚ್ಚಲೇಬೇಕು. ಕಾದ ಕಬ್ಬಿಣದ ಮೇಲೆ ಅಗ್ನಿಶಾಮಕದವರು ನೀರು ಹೊಡೆದಿದ್ದರೆ ಹೆಡ್‌ನಲ್ಲಿ ಬಿರುಕು ಇರಬಹುದು, ಮಶೀನ್ ಶಾಪ್‌ನಲ್ಲಿ ಪರೀಕ್ಷೆ ಮಾಡಿಸಿ.

ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದರ ಹದ ಹೋಗಿದೆ ಅಂತ ತಿಳಿಯಿರಿ. ಸುಟ್ಟ ಸ್ಟ್ರಟ್ಟನ್ನು ರಿಪೇರಿ ಮಾಡುವ ಆಸೆ ಬೇಡ. ಬೆಂಕಿ ತಾಗಿದ ಬ್ರೇಕ್ ಹೋಸುಗಳನ್ನಂತೂ ನೋಡುವುದೂ ಬೇಡ, ಎಸೆಯಿರಿ.

ವೈರಿಂಗ್

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ತಾಳ್ಮೆ ಬೇಡುವುದು ಇದೇ, ಜಾಸ್ತಿ ಜನ ಟೇಪ್ ಸುತ್ತಿ ಮುಗಿಸುವುದೂ ಇದನ್ನೇ.

ಎಂಜಿನ್ ಗೂಡಿನ ಮುಂದಿನ ಮೂಲೆಯಲ್ಲಿ, ಪ್ಯಾಸೆಂಜರ್ ಕಡೆ ಬ್ಯಾಟರಿ ಇದೆ. ಅದರ ಪಕ್ಕದಲ್ಲೇ ಸಿ500 ಅನ್ನುವ ದೊಡ್ಡ ಕನೆಕ್ಟರ್. ಕಾರಿನ ಮುಂಭಾಗದಿಂದ ಬರುವ ವೈರುಗಳು ಎಂಜಿನ್ ಕಡೆಗೆ ದಾಟುವುದು ಇದರ ಮೂಲಕ. ಬ್ಯಾಟರಿ ಆಸಿಡ್ ಆವಿ, ಮಳೆ ನೀರು, ಎಂಜಿನ್ ಬಿಸಿ ಮೂರೂ ಅದರ ಮೇಲೆ ಬೀಳುತ್ತವೆ. ಬಿಚ್ಚಿ ನೋಡಿದರೆ ಹಸಿರು ಕಿಲುಬು ಹಿಡಿದ ಪಿನ್ನುಗಳು ಸಿಗದೇ ಇರುವುದು ಅಪರೂಪ. ಕಿಲುಬು ಅಂದರೆ ತಡೆ ಜಾಸ್ತಿ, ತಡೆ ಜಾಸ್ತಿ ಅಂದರೆ ಬಿಸಿ. ಬೆಂಕಿ ಇಲ್ಲಿಗೆ ಬರದೇ ಇದ್ದರೂ ಇದನ್ನು ಹೊಸದು ಮಾಡಿ. ಒಳಗೆ ಎರಡು ಸೀಟುಗಳ ನಡುವೆ ಹಿಂದೆ ಇರುವ ಕಂಪ್ಯೂಟರ್, ಅದರ ಹತ್ತಿರದ ಸಿ203 ಕನೆಕ್ಟರ್ ಕೂಡ ನೋಡಿ. ಎಂಜಿನ್ ಗೂಡಿಗೂ ಸೀಟಿಗೂ ನಡುವಿನ ಗೋಡೆ (ಫೈರ್‌ವಾಲ್) ತುಂಬ ಕಾದಿದ್ದರೆ ಅಲ್ಲಿಯ ಪ್ಲಾಸ್ಟಿಕ್ ಬಗ್ಗಿರುತ್ತದೆ.

ಸುಟ್ಟ ವೈರನ್ನು ಎಲ್ಲಿಯವರೆಗೆ ಕತ್ತರಿಸಬೇಕು? ಹೊರಗಿನ ಪದರ ಚೆನ್ನಾಗಿ ಕಾಣುವ ಜಾಗದಿಂದಲೂ ಮುಂದಕ್ಕೆ, ಒಳಗಿನ ತಾಮ್ರ ಹೊಳೆಯುವವರೆಗೆ. ಸಿಪ್ಪೆ ಚೆನ್ನಾಗಿದ್ದೂ ಒಳಗೆ ತಾಮ್ರ ಕಪ್ಪಗಾಗಿ ಪುಡಿಯಾಗುವುದುಂಟು. ಹೊಸ ವೈರು ಸಾಮಾನ್ಯ ಪಿವಿಸಿ ಬೇಡ, 125 ಡಿಗ್ರಿ ತಡೆಯುವ ಜಿಎಕ್ಸ್‌ಎಲ್ ಅಥವಾ ಟಿಎಕ್ಸ್‌ಎಲ್ ತನ್ನಿ. ಒಂದು ವೈರು ಕತ್ತರಿಸಿ, ಅದೇ ಬಣ್ಣದ್ದು ಹಾಕಿ, ಅಳೆದು, ಆಮೇಲೆ ಎರಡನೆಯದಕ್ಕೆ ಹೋಗಿ. ಇಡೀ ಕಟ್ಟನ್ನು ಒಮ್ಮೆಲೇ ಕತ್ತರಿಸಿ ಮೇಜಿನ ಮೇಲೆ ಹರಡಿದರೆ ಮತ್ತೆ ಜೋಡಿಸುವುದು ನರಕ. ಕನೆಕ್ಟರ್ ವೆದರ್ ಪ್ಯಾಕ್, ಮೆಟ್ರಿ ಪ್ಯಾಕ್ ಜಾತಿಯವು. ಅವಕ್ಕೆ ಸರಿಹೊಂದುವ ಕ್ರಿಂಪಿಂಗ್ ಟೂಲ್ ಕೊಳ್ಳಿ, ಕಟಿಂಗ್ ಪ್ಲೈಯರ್‌ನಲ್ಲಿ ಒತ್ತಬೇಡಿ.

ಬ್ಯಾಟರಿಯಿಂದ ಹೊರಡುವ ಕಡೆ ಫ್ಯೂಸಿಬಲ್ ಲಿಂಕ್‌ಗಳಿವೆ. ಅದು ತಾನು ಕಾಪಾಡುವ ವೈರಿಗಿಂತ ನಾಲ್ಕು ಗೇಜ್ ತೆಳುವಾದ ಸಣ್ಣ ತುಂಡು, ಜಾಸ್ತಿ ಕರೆಂಟ್ ಬಂದರೆ ಮೊದಲು ಕರಗುತ್ತದೆ. ಅದರ ಜಾಗದಲ್ಲಿ ಯಾರೋ ಸಾಮಾನ್ಯ ವೈರು ಹಾಕಿದ್ದರೆ ನಿಮ್ಮ ಬೆಂಕಿಗೆ ಅದೇ ಕಾರಣ ಇರಬಹುದು. ಆ ಜಾಗಕ್ಕೆ ಸರಿಯಾದ ಲಿಂಕ್, ಇಲ್ಲವೇ ಲೆಕ್ಕ ಹಾಕಿದ ಮ್ಯಾಕ್ಸಿ ಫ್ಯೂಸ್ ಹಾಕಿ.

ಪೆಟ್ರೋಲ್ ಲೈನ್

ರಬ್ಬರ್ ಇರುವ ಪ್ರತಿ ತುಂಡನ್ನೂ ಬದಲಿಸಿ. ಟ್ಯಾಂಕ್ ಮೇಲಿನದು, ಆವಿ ಹೋಗುವುದು, ವಾಪಸ್ ಬರುವುದು, ಎಲ್ಲ. ಅಂಗಡಿಯಲ್ಲಿ ಹೋಸಿನ ಮೈಮೇಲೆ ಬರೆದದ್ದನ್ನು ಓದಿ ಕೊಳ್ಳಿ. 30ಆರ್7 ಅಂತ ಇದ್ದರೆ ಅದು ಕಡಿಮೆ ಒತ್ತಡದ ಕಾರ್ಬುರೇಟರ್ ಕಾಲದ್ದು. ಇಂಜೆಕ್ಷನ್‌ಗೆ ಬೇಕಾದ್ದು 30ಆರ್9. ಟ್ಯಾಂಕ್ ಒಳಗೆ ಪೆಟ್ರೋಲ್‌ನಲ್ಲಿ ಮುಳುಗಿರುವ ತುಂಡಿಗೆ 30ಆರ್10 ಮಾತ್ರ. ಕ್ಲಾಂಪ್ ಕೂಡ ಸ್ಕ್ರೂ ಹಲ್ಲು ರಬ್ಬರ್ ಕಚ್ಚುವಂಥದ್ದು ಬೇಡ, ನಯವಾದ ಪಟ್ಟಿಯ ಇಂಜೆಕ್ಷನ್ ಕ್ಲಾಂಪ್ ಹಾಕಿ. ಎಕ್ಸಾಸ್ಟ್‌ನಿಂದ ಕನಿಷ್ಠ ನಾಲ್ಕು ಬೆರಳು ದೂರ ಇರಲಿ, ಆಗದಿದ್ದರೆ ನಡುವೆ ತಗಡಿನ ತಡೆ.

ಎಥನಾಲ್ ಬೆರೆಸಿದ ಪೆಟ್ರೋಲ್ ಹಳೇ ರಬ್ಬರನ್ನು ಬೇಗ ಹಾಳು ಮಾಡುತ್ತದೆ. ಅಮೆರಿಕದಲ್ಲಿ 10 ಶೇಕಡಾ ಸಾಮಾನ್ಯ, ಈಗ ಭಾರತದಲ್ಲಿ 20. ಬೆಂಗಳೂರಲ್ಲೋ ಮೈಸೂರಲ್ಲೋ ಎಂಬತ್ತು, ತೊಂಬತ್ತರ ದಶಕದ ಕಾರು ಪ್ರೀತಿಯಿಂದ ಇಟ್ಟುಕೊಂಡವರು ಈ ಭಾಗವನ್ನು ತಮ್ಮ ಕಾರಿಗೂ ಹಾಗೇ ಅನ್ವಯಿಸಿಕೊಳ್ಳಬಹುದು.

ಈಗ ಅಪ್‌ಗ್ರೇಡ್

ಮೂರು ದಾರಿಗಳಿವೆ. ಒಂದು, ಇದ್ದ ಎಂಜಿನ್ ಸರಿಮಾಡುವುದು. 2.8 ವಿ6 140 ಹೆಚ್‌ಪಿ ಕೊಡುತ್ತದೆ, ಧ್ವನಿಯೂ ಚೆನ್ನ. ಎರಡು, 1993ರಿಂದ 95ರ ಕಮಾರೋದ 3.4 ವಿ6. ಮೂಲದಲ್ಲಿ 160 ಹೆಚ್‌ಪಿ, ಫಿಯೆರೊದ ಇನ್‌ಟೇಕ್, ಎಕ್ಸಾಸ್ಟ್, ಕಂಪ್ಯೂಟರನ್ನೇ ಬಳಸಿಕೊಳ್ಳಬಹುದು. ಸ್ಟಾರ್ಟರ್ ಕೂರುವ ಜಾಗದಲ್ಲಿ ಮಾತ್ರ ಬ್ಲಾಕ್‌ಗೆ ತೂತು ಕೊರೆಯಬೇಕು. ಮೂರು, 3800 ಸೀರೀಸ್ 2 ಸೂಪರ್‌ಚಾರ್ಜ್ಡ್, 240 ಹೆಚ್‌ಪಿ. ಗ್ರ್ಯಾಂಡ್ ಪ್ರೀ ಜಿಟಿಪಿ, ಬ್ಯೂಕ್ ರೀಗಲ್ ಜಿಎಸ್‌ಗಳಲ್ಲಿ ಬಂದದ್ದು. ಗೇರ್‌ಬಾಕ್ಸ್ ಬೋಲ್ಟ್ ತೂತುಗಳು ಹೊಂದುತ್ತವೆ. ಆದರೆ ಮೌಂಟ್ ಹೊಸದು, ಫ್ಲೈವೀಲ್ ಆ ಎಂಜಿನ್ ಬ್ಯಾಲೆನ್ಸ್‌ಗೆ ತಕ್ಕದ್ದು, ಕಂಪ್ಯೂಟರ್‌ನಲ್ಲಿ ಕಳ್ಳತನ ತಡೆಯುವ ಲಾಕ್ ತೆಗೆಸಬೇಕು.

ಎಲ್ಲರೂ ಮರೆಯುವುದು ಪೆಟ್ರೋಲ್ ಒತ್ತಡ. ನಾಲ್ಕು ಸಿಲಿಂಡರ್ ಕಾರಿನದು 9ರಿಂದ 13 ಪಿಎಸ್‌ಐ ಮಾತ್ರ. 2.8ಕ್ಕೆ 40ರ ಮೇಲೆ, 3800ಕ್ಕೆ 48ರಿಂದ 55. ನಾಲ್ಕು ಸಿಲಿಂಡರ್ ಕಾರಿಗೆ ವಿ6 ಹಾಕುವುದಾದರೆ ಪಂಪ್ ಬದಲಿಸಲೇಬೇಕು, ಪ್ರತಿ ಜೋಡಣೆಯೂ ಹೊಸ ಒತ್ತಡ ತಡೆಯಬೇಕು. ಬ್ರೇಕ್, ಸಸ್ಪೆನ್ಶನ್ ಕೂಡ ಅಷ್ಟೇ. 84ರಿಂದ 87ರವರೆಗಿನ ಕಾರಿನ ಮುಂದಿನ ಸಸ್ಪೆನ್ಶನ್ ಶೆವೆಟ್ ಅನ್ನುವ ಸಣ್ಣ ಕಾರಿನಿಂದ, ಹಿಂದಿನದು ಸೈಟೇಶನ್ ಕಾರಿನ ಮುಂಭಾಗದಿಂದ ತಂದದ್ದು. 1988ರಲ್ಲಿ ಮಾತ್ರ ಇದಕ್ಕೆಂದೇ ಹೊಸದಾಗಿ ಮಾಡಿದರು. ಹಳೇ ಬ್ರೇಕ್ ಇಟ್ಟುಕೊಂಡು 240 ಹೆಚ್‌ಪಿ ಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ದುಡ್ಡು ಒಂದಕ್ಕೇ ಸಾಕಾಗುವುದಾದರೆ ಬ್ರೇಕ್ ಮಾಡಿಸಿ, 2.8 ಅನ್ನೇ ಇಟ್ಟುಕೊಳ್ಳಿ.

ಮಿಶಿಗನ್‌ನಲ್ಲಿ ಹೊಗೆ ಪರೀಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರು ಮಾತ್ರ ಕಾರಿನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸ ಎಂಜಿನ್, ಅದರ ಹೊಗೆ ನಿಯಂತ್ರಣದ ಭಾಗಗಳನ್ನೆಲ್ಲ ಸೇರಿಸಿಯೇ ಹಾಕಬೇಕು.

ಎಕ್ಸಾಸ್ಟ್‌ಗೆ ಬಟ್ಟೆಯಂಥ ಹೀಟ್ ರ್‍ಯಾಪ್ ಸುತ್ತುವುದು ಈ ಕಾರಿಗೆ ಬೇಡ. ಆಯಿಲ್ ಒಂದು ಹನಿ ಬಿದ್ದರೂ ಅದು ಹೀರಿಕೊಂಡು ಕೂರುತ್ತದೆ. ಸೆರಾಮಿಕ್ ಲೇಪನ ಮಾಡಿಸಿ, ಮೂಲದ ತಗಡಿನ ಹೀಟ್ ಶೀಲ್ಡ್ ಒಂದೂ ಬಿಡದೆ ವಾಪಸ್ ಹಾಕಿ. ವಾಲ್ವ್ ಕವರ್‌ಗೆ ಕಾರ್ಕ್ ಬದಲು ಒಳ್ಳೆಯ ಸಿಲಿಕಾನ್ ಗ್ಯಾಸ್ಕೆಟ್. ಇದರ ಜೊತೆ ಡಿಕ್ಕಿಯಾದಾಗ ಪೆಟ್ರೋಲ್ ಪಂಪ್ ನಿಲ್ಲಿಸುವ ಇನರ್ಶಿಯಾ ಸ್ವಿಚ್, ಬ್ಯಾಟರಿ ಕಟ್ ಮಾಡುವ ಸ್ವಿಚ್ ಎರಡನ್ನೂ ಸೇರಿಸಿ.

ಬಾಡಿ ವಿಷಯ ಸುಲಭ. ಒಳಗಿನ ಉಕ್ಕಿನ ಚೌಕಟ್ಟೇ ಭಾರ ಹೊರುವುದು, ಪ್ಲಾಸ್ಟಿಕ್ ಹೊದಿಕೆಗಳನ್ನು ಅದರ ಮೇಲೆ ಬೋಲ್ಟ್ ಮಾಡಿದ್ದಾರೆ. ಸುಟ್ಟ ಮುಚ್ಚಳದ ಬದಲು ಗುಜರಿಯದು ಹಾಕಿ. ಬೆಂಕಿಗೆ ಬಣ್ಣ ಹೋದ ಚೌಕಟ್ಟು ಕೆಲವೇ ದಿನದಲ್ಲಿ ತುಕ್ಕು ಹಿಡಿಯುತ್ತದೆ, ಉಜ್ಜಿ ಎಪಾಕ್ಸಿ ಪ್ರೈಮರ್ ಬಳಿಯಿರಿ. ಹಿಂದಿನ ಚಕ್ರದ ಹಿಂದಿರುವ ಚೌಕಟ್ಟಿನ ತುದಿಗಳನ್ನು ಸುತ್ತಿಗೆಯಲ್ಲಿ ತಟ್ಟಿ ನೋಡಿ. ಅಲ್ಲಿ ಉಪ್ಪಿನ ತುಕ್ಕು ಕೊರೆದು ತೂತಾಗಿದ್ದರೆ, ಬೇಜಾರಿನ ಮಾತು, ಬೇರೆ ಕಾರು ನೋಡುವುದೇ ಒಳ್ಳೆಯದು.

ಮೊದಲ ಸ್ಟಾರ್ಟ್

ಕಾರು ಹೊರಗೆ ಬಯಲಲ್ಲಿರಲಿ, ಮುಚ್ಚಳ ತೆಗೆದಿರಲಿ. ಇನ್ನೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲೇ ನಿಂತಿರಬೇಕು. ಕೂಲಂಟನ್ನು ಎಂಜಿನ್ ಕಡೆಯ ಥರ್ಮೋಸ್ಟಾಟ್ ಬಾಯಿಂದಲೂ ತುಂಬಿ, ಇಷ್ಟುದ್ದ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪಂಪಿನ ಫ್ಯೂಸ್ ತೆಗೆದು, ಆಯಿಲ್ ಒತ್ತಡ ಕಾಣುವವರೆಗೆ ನಡುನಡುವೆ ಬಿಟ್ಟು ಕ್ರ್ಯಾಂಕ್ ಮಾಡಿ. ಆಮೇಲೆ ಫ್ಯೂಸ್ ಹಾಕಿ, ಸ್ಟಾರ್ಟ್ ಮಾಡದೆ ಕೀ ಆನ್ ಮಾತ್ರ ಮಾಡಿ. ಪಂಪ್ ಸುಮಾರು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಹೀಗೆ ಕೆಲವು ಸಲ ಮಾಡಿ, ಪ್ರತಿ ಸಲವೂ ಎಲ್ಲ ಜೋಡಣೆಯನ್ನೂ ಒಣ ಪೇಪರ್‌ನಲ್ಲಿ ಒರೆಸಿ ನೋಡಿ. ಪೇಪರ್ ಒಣಗಿದ್ದರೆ ಮಾತ್ರ ಸ್ಟಾರ್ಟ್.

ಅರ್ಧ ಗಂಟೆ ನಿಂತಲ್ಲೇ ಓಡಿಸಿ, ಮುಂದಿನ ಫ್ಯಾನ್ ತಿರುಗುತ್ತದಾ ನೋಡಿ. ತಣ್ಣಗಾದ ಮೇಲೆ ಕ್ಲಾಂಪು, ಬೋಲ್ಟು ಮತ್ತೆ ಬಿಗಿಮಾಡಿ. ನೂರು ಮೈಲಿ ಆದ ಮೇಲೆ ಇನ್ನೊಮ್ಮೆ. ಆಯಿಲ್ ಮಟ್ಟವನ್ನು ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ನೋಡಿ, ನಾಲ್ಕು ಸಿಲಿಂಡರ್ ಆದರಂತೂ ತಪ್ಪದೆ.

ಪುಡಿ ಉಳಿಸದ ಹ್ಯಾಲೊಟ್ರಾನ್ ಸಿಲಿಂಡರ್ ಒಂದನ್ನು ಸೀಟಿನ ಹತ್ತಿರ ಕೈಗೆ ಸಿಗುವ ಹಾಗೆ ಕಟ್ಟಿ. ಹಿಂದಿನ ಡಿಕ್ಕಿಯಲ್ಲಿಡಬೇಡಿ, ಬೆಂಕಿ ಇರುವುದೇ ಆ ಕಡೆ. ಓಡಿಸುವಾಗ ಹೊಗೆ ಕಂಡರೆ ಪಕ್ಕಕ್ಕೆ ನಿಲ್ಲಿಸಿ, ಕೀ ಆಫ್ ಮಾಡಿ, ಎಲ್ಲರೂ ಇಳಿಯಿರಿ. ಮುಚ್ಚಳ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿದರೆ ಭಗ್ಗನೆ ಹತ್ತುತ್ತದೆ. ನಾಲ್ಕು ಬೆರಳಷ್ಟು ಮಾತ್ರ ಸಂದು ಮಾಡಿ ಬುಡಕ್ಕೆ ಹೊಡೆಯಿರಿ. ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಆರದಿದ್ದರೆ ಕಾರನ್ನು ಬಿಟ್ಟು ದೂರ ಹೋಗಿ, 911ಕ್ಕೆ ಫೋನ್ ಮಾಡಿ.